ಜೇಬಿನೊಳಗಿನ ಉಪ್ಪು

ನಾನು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದ್ದು ಹೊಟ್ಟೆಪಾಡಿಗಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗಲೂ ಬಳ್ಳಾರಿಯ ಹಳಬರು ಯಾರಾದರೂ ಆ ಖಾನಾವಳಿಯ ಸುದ್ದಿ ತೆಗೆದರೆ ಸೇವೆ, ಧರ್ಮ, ದಾಸೋಹ ಎಂದು ದೊಡ್ಡ ದೊಡ್ಡ ಮಾತಾಡುತ್ತಾರೆ. ಆ ದೊಡ್ಡ ಮಾತಿನ ಹಿಂದೆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದವರು ನಾವು. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ ನನ್ನ ಗಂಡನ ಎದೆಗೆ ಹತ್ತಿಯ ಧೂಳು ಹೊಕ್ಕು ಅವನು ಮನೆ ಹಿಡಿದ. ಎಪ್ಪತ್ತರ ದಶಕದ ಮೊದಮೊದಲಿನ ಮಾತು. ನಾನು ಏಳನೇ ಕ್ಲಾಸು ಓದಿದ್ದೆ. ಆ ಓದು ಯಾರಿಗೂ ಬೇಕಾಗಲಿಲ್ಲ, ತವರಿನಲ್ಲಿ ಕಲಿತ ರೊಟ್ಟಿ ಬೇಕಾಯಿತು.

ಸತ್ಯನಾರಾಯಣಪೇಟೆಯ ನಮ್ಮ ಓಣಿಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು ಖಾನಾವಳಿ. ತಗಡಿನ ಮಾಡು, ಒಳಗೆ ಕಡಪಾ ಕಲ್ಲಿನ ನೆಲ, ಗೋಡೆಗುಂಟ ಉದ್ದಕ್ಕೆ ಹಾಸಿದ ಪಟ್ಟಿ. ಬಂದವರು ಕಾಲು ಮಡಿಚಿ ಸಾಲಾಗಿ ಕೂರಬೇಕು. ಒಂದೇ ಸಾಲು. ಫ್ಯಾಕ್ಟರಿಯ ಹಮಾಲರು, ದವಾಖಾನೆಯಲ್ಲಿ ಮಲಗಿದವರ ಕಡೆಯ ಮಂದಿ, ರೂಪನಗುಡಿಯಿಂದ ಸಂತೆಗೆ ಬಂದ ರೈತರು, ಜಟಕಾ ಹೊಡೆಯುವ ಸಾಬರೊಬ್ಬರು, ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಇದು ಆಗದವರು ಮುಂದಿನ ಹೋಟೆಲಿಗೆ ಹೋಗುತ್ತಿದ್ದರು, ನಮ್ಮ ಮಾಲಕರು ಅವರನ್ನು ಕರೆಯುತ್ತಿರಲಿಲ್ಲ. ದುಡ್ಡಿದ್ದವರು ಕೊಡುತ್ತಿದ್ದರು. ಇಲ್ಲದವರು ಉಂಡು ಎದ್ದು ಹೋಗುತ್ತಿದ್ದರು. ರೈತರು ಒಮ್ಮೊಮ್ಮೆ ಒಂದು ಬುಟ್ಟಿ ಬದನೆಕಾಯಿಯನ್ನೋ, ಕಟ್ಟು ಪುಂಡಿಸೊಪ್ಪನ್ನೋ ಬಾಗಿಲಲ್ಲಿಟ್ಟು ಮಾತಾಡದೆ ಹೋಗುವುದಿತ್ತು.

ಈ ಎಲ್ಲರ ಬಾಯಲ್ಲಿ ಖಾನಾವಳಿ ಎಂದರೆ ಮಾಲಕರಲ್ಲ, ದೊಡ್ಡವ್ವ. ಅಡುಗೆ ಅವಳದು. ಕುರುಗೋಡಿನವಳು. ಮೈನೆರೆಯುವ ಮೊದಲೇ ಗಂಡ ಸತ್ತು, ಅಣ್ಣಂದಿರ ಮನೆಯಲ್ಲಿ ಕೂಳಿಗೆ ಕೂಳು, ಬೈಗುಳಕ್ಕೆ ಬೈಗುಳ ತಿಂದು ಬೆಳೆದವಳು. ಮಾಲಕರು ಯಾರದೋ ಮನೆಯ ಕಾರ್ಯಕ್ಕೆಂದು ಕುರುಗೋಡಿಗೆ ಹೋದಾಗ ಅವಳ ಕೈಯ ಪುಂಡಿಪಲ್ಯ ಉಂಡು, ಎಲೆ ಎತ್ತುವ ಮೊದಲೇ ಒಳಗೆ ಹೋಗಿ "ಅವ್ವಾರ, ನಾ ಬಳ್ಳಾರ್ಯಾಗ ಖಾನಾವಳಿ ತೆಗೀಬೇಕಂತ ಅದೀನಿ. ನೀವು ಬರಂಗಿದ್ರ ತೆಗೀತೀನಿ, ಇಲ್ಲಂದ್ರ ಇಲ್ಲ" ಎಂದರಂತೆ. ದೊಡ್ಡವ್ವ ಈ ಕತೆಯನ್ನು ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳಿಗೆ ಜೀವಮಾನದಲ್ಲಿ ಯಾರಾದರೂ ಬಾ ಎಂದು ಕರೆದದ್ದು ಅದೊಂದೇ ಸಲ.

ಅವಳ ಅಡುಗೆ ಹೇಗಿತ್ತು ಎಂದು ಬರೆಯಲು ಕೂತರೆ ನನಗೆ ಸಿಟ್ಟು ಬರುತ್ತದೆ, ಬರೆಯಲಾಗುವುದಿಲ್ಲವಲ್ಲ ಎಂದು. ಎಣ್ಣೆಗಾಯಿ ಮಾಡಿದರೆ ಬದನೆಕಾಯಿ ತೊಟ್ಟು ಹಿಡಿದು ಎತ್ತುವ ತನಕ ಇಡಿಯಾಗಿರುತ್ತಿತ್ತು, ರೊಟ್ಟಿ ತಾಗಿದೊಡನೆ ಕರಗಿ ಹೋಗುತ್ತಿತ್ತು. ಗುರೆಳ್ಳು ಚಟ್ನಿಗೆ ಬೆಳ್ಳುಳ್ಳಿಯನ್ನು ಕೊನೆಗೆ ಹಾಕಿ ಒಂದೇ ಪೆಟ್ಟು ಕುಟ್ಟುತ್ತಿದ್ದಳು, ಎರಡನೆಯದು ಬಿದ್ದರೆ ಕೆಟ್ಟಿತು ಎನ್ನುತ್ತಿದ್ದಳು. ಬೆಳಗಿನ ಹೊತ್ತು ಮಂಡಕ್ಕಿ ಒಗ್ಗರಣೆ, ಮಿರ್ಚಿ. ದವಾಖಾನೆಯಲ್ಲಿ ಇಡೀ ರಾತ್ರಿ ಕೂತು ಬಂದವರು ಆ ಒಗ್ಗರಣೆಯ ಮುಂದೆ ಅತ್ತುಬಿಟ್ಟದ್ದನ್ನು ನೋಡಿದ್ದೇನೆ. ಖಾರಕ್ಕೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ನಮ್ಮಿಬ್ಬರ ಒಲೆ ಅಕ್ಕಪಕ್ಕ. ಹತ್ತಿಕಟ್ಟಿಗೆಯ ಬೆಂಕಿ, ಭಗ್ಗೆಂದು ಹತ್ತಿ ಭಗ್ಗೆಂದು ಆರುವಂಥದ್ದು. ಬೇಸಿಗೆಯಲ್ಲಿ ಮಾಡಿನ ತಗಡು ಮೇಲಿಂದ ಸುಡುತ್ತಿತ್ತು, ಹಂಚು ಮುಂದಿನಿಂದ. ನಾನು ಬೆಂಕಿಯನ್ನು ಬೈಯುತ್ತಿದ್ದೆ, ಹಿಟ್ಟನ್ನು ಬೈಯುತ್ತಿದ್ದೆ, ಒಳಗೆ ಬಂದು "ಇನ್ನೆರಡು ರೊಟ್ಟಿ" ಎಂದ ಬಡಿಸುವವನನ್ನೂ ಬೈಯುತ್ತಿದ್ದೆ. ದೊಡ್ಡವ್ವ ಬೈಯುತ್ತಿರಲಿಲ್ಲ. "ನಿನ್ನ ರೊಟ್ಟಿ ಮೆತ್ತಗ, ನಿನ್ನ ಬಾಯಿ ಕಟಕ. ದೇವರು ಅದಲು ಬದಲು ಮಾಡ್ಯಾನ ನೋಡು" ಎಂದು ಕಾಡುತ್ತಿದ್ದಳು. ಸಾಲು ಎದ್ದ ಮೇಲೆ ನಾವೆಲ್ಲ ಒಲೆಯ ಸುತ್ತ ಕೂತು ಉಣ್ಣುತ್ತಿದ್ದೆವು. ಮಾಲಕರೂ ಅಲ್ಲೇ, ನಮ್ಮ ಜೊತೆಗೇ.

ಖಾನಾವಳಿಯಲ್ಲೊಂದು ಕಟ್ಟಳೆ ಇತ್ತು. ಮೊದಲ ತಾಟು ಅವತ್ತು ಹಸಿದು ಬಂದ ಹೊರಗಿನವರಿಗೆ. ಗುರುತಿಲ್ಲದವರಾದರೆ ಇನ್ನೂ ಒಳ್ಳೆಯದು. ಆ ತಾಟು ಖಾಲಿಯಾಗುವ ತನಕ ಅಡುಗೆಮನೆಯಲ್ಲಿ ಯಾರೂ ಒಂದು ಹನಿಯನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ದೇವರಿಗೆ ಎಡೆ ಹಿಡಿಯುವ ಮೊದಲು ರುಚಿ ನೋಡುತ್ತೇವೆಯೇ, ಹಾಗೆ. ದೊಡ್ಡವ್ವ ಸೌಟೆತ್ತಿ, ಏಳುವ ಆವಿಗೆ ಮೂಗು ಹಿಡಿದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಅಷ್ಟೇ. ಬೇಕಿದ್ದರೆ ಒಂದು ಚಿಟಿಕೆ ಹಾಕುತ್ತಿದ್ದಳು. ಸಾಲಿನಲ್ಲಿ ಉಪ್ಪಿನ ಬಟ್ಟಲು ಇಡಲು ಅವಳು ಎಂದೂ ಬಿಟ್ಟವಳಲ್ಲ. ಉಪ್ಪು ಬೇಡಿಸಿಕೊಂಡರೆ ಅಡುಗೆಯವಳ ಮಾನ ಹೋಯಿತು ಎನ್ನುತ್ತಿದ್ದಳು.

ಅವಳ ಮನಸ್ಸಿನಲ್ಲಿದ್ದ ಒಂದೇ ಒಂದು ಹೆದರಿಕೆ ನನಗೆ ಗೊತ್ತಿತ್ತು. ಕೆಲಸ ಹೋದೀತು ಎಂದಲ್ಲ. ಮಾಲಕರು ಯಾರನ್ನೂ ಹೊರಗೆ ಹಾಕುವ ಪೈಕಿಯವರಲ್ಲ. ಕೈಲಾಗದ ಮುದುಕರಿಬ್ಬರು ಅದಾಗಲೇ ಹಿತ್ತಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ, ಹೊತ್ತುಹೊತ್ತಿಗೆ ಉಣ್ಣುತ್ತ ಕೂತಿದ್ದರು. ದೊಡ್ಡವ್ವನ ಹೆದರಿಕೆ ಆ ಬೆಳ್ಳುಳ್ಳಿ ಬುಟ್ಟಿಯದೇ. "ಅಣ್ಣಗಳ ಮನ್ಯಾಗ ಕುಂತು ಉಂಡೀನಿ ನಾ. ಒಂದೊಂದು ತುತ್ತಿಗೂ ಅವರ ಮಾರಿ ನೋಡಬೇಕಿತ್ತು. ಇನ್ನ ನಾ ಉಣಿಸಾಕಿ. ಉಣಿಸೂದು ನಿಂತ ದಿನ ನನ್ನ ಮಣ್ಣಿಗೆ ಇಡ್ರಿ" ಎಂದು ಎಷ್ಟೋ ಸಲ ಹೇಳಿದ್ದಳು. ತಮಾಷೆಗೆ ಹೇಳಿದ್ದಲ್ಲ ಅದು.

ಒಂದು ಮಳೆಗಾಲ ಊರಲ್ಲೆಲ್ಲ ವಿಷಮಜ್ವರ. ದೊಡ್ಡವ್ವನೂ ಮಲಗಿದಳು. ನಾನೂ ಮಾಲಕರ ಹೆಂಡತಿಯೂ ಹೇಗೋ ಅಡುಗೆ ಸಾಗಿಸಿದೆವು, ಮಂದಿ ಹೇಗೋ ಉಂಡರು. ಜ್ವರ ಬಿಟ್ಟು ಎದ್ದು ಬಂದಾಗ ಅವಳ ಕೈ ಸಣ್ಣಗೆ ನಡುಗುತ್ತಿತ್ತು, ಕೂದಲೆಲ್ಲ ಉದುರಿತ್ತು. ಆದರೂ ಬಂದವಳೇ ನನ್ನನ್ನು ಸರಿಸಿ ಒಲೆಯ ಮುಂದೆ ಕೂತಳು. ಅವತ್ತು ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತು ಕೈ ಮುಗಿದರು. ಜಟಕಾ ಸಾಬರಂತೂ "ಅಮ್ಮಾ, ನೀವಿಲ್ದ ನಮ್ಮ ಕುದುರಿನೂ ಸೊರಗೈತಿ ನೋಡ್ರಿ" ಎಂದು ಎಲ್ಲರನ್ನೂ ನಗಿಸಿದರು.

ಕೆಲವು ದಿನ ಕಳೆದಿರಬೇಕು. ನಾವು ಉಣ್ಣಲು ಕೂತಿದ್ದೆವು. ನಾನು ಮೆಣಸಿನಕಾಯಿ ಖಾರಕ್ಕೆ ಬುಸುಗುಡುತ್ತ ನೀರು ಕುಡಿಯುತ್ತಿದ್ದೆ. ದೊಡ್ಡವ್ವ ಅದೇ ಮೆಣಸಿನಕಾಯಿಯನ್ನು ಸೌತೆಕಾಯಿ ತಿಂದಂತೆ ತಿನ್ನುತ್ತಿದ್ದಳು. ನಾನು ನೋಡುವುದನ್ನು ಅವಳು ನೋಡಿದಳು. ಎಲ್ಲರೂ ಎದ್ದ ಮೇಲೆ ಮುಸುರೆ ತಿಕ್ಕುವ ಕಲ್ಲಿನ ಹತ್ತಿರ ನನ್ನ ರಟ್ಟೆ ಹಿಡಿದಳು.

"ನಾಲಿಗಿ ಸತ್ತೈತಬೇ. ಮೂಗೂ ಹೋಗೇತಿ. ಬೂದಿ ತಿಂದ್ರೂ ಒಂದ, ಬೆಲ್ಲ ತಿಂದ್ರೂ ಒಂದ."

"ಮತ್ತ ಅಡಿಗಿ ಹೆಂಗ ಮಾಡ್ತಿ ದೊಡ್ಡವ್ವ?"

"ಕೈಗೆ ಅಳತಿ ಗೊತ್ತೈತಿ. ಇಷ್ಟು ವರ್ಷ ಹಾಕಿದ ಕೈ ಮರೀತದೇನು? ನೀ ಯಾರ ಮುಂದನೂ ಅನಬ್ಯಾಡ."

"ಒಲಿ ಮ್ಯಾಲ ಇದ್ದಾಗ ನಾ ಒಂದೀಟು ನೆಕ್ಕಿ ನೋಡಿ ಹೇಳ್ತೀನಿ, ಯಾರಿಗೆ ಗೊತ್ತಾಗತೈತಿ?"

ಅವಳು ನನ್ನ ರಟ್ಟೆ ಬಿಟ್ಟಳು. "ಹಸಕೊಂಡು ಬಂದವರಿಗೆ ನಿನ್ನ ಎಂಜಲ ಉಣಿಸಂತಿ? ಅದಕ್ಕಿಂತ ಬೆಳ್ಳುಳ್ಳಿ ಸುಲೀತೀನಿ ತಗೋ." ಯಾರ ಮುಂದೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಕೈ ಮರೆಯಿತು. ಅವಳಿಗೆ ಗೊತ್ತಾಗಲಿಲ್ಲ, ಉಂಡವರಿಗೆ ಗೊತ್ತಾಯಿತು. ನಡುಗುವ ಕೈಯಿಂದ ಉಪ್ಪು ಒಂದು ದಿನ ಒಲೆಯ ಬೂದಿಗೆ ಬೀಳುತ್ತಿತ್ತು. ಇನ್ನೊಂದು ದಿನ ಹಾಕಿದೆನೋ ಇಲ್ಲವೋ ಎಂದು ಎರಡನೇ ಸಲ ಹಾಕುತ್ತಿದ್ದಳು. ಮೊದಲಾದರೆ ಮೂಗು ಅವಳನ್ನು ಎಚ್ಚರಿಸುತ್ತಿತ್ತು. ಬೇಳೆ ಸಪ್ಪೆ, ಪಲ್ಯ ಕಡಲು. ಅವಳೂ ಅದನ್ನೇ ನಮ್ಮ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಳು, ನಮ್ಮ ಮುಖ ನೋಡುತ್ತ. ನಾವು ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ.

ಅವಳು ಸೋಮವಾರ ಗುಡಿಗೆ ಹೋಗಿದ್ದ ಹೊತ್ತು ನೋಡಿ ಮಾಲಕರು ನಮ್ಮನ್ನೆಲ್ಲ ಕೂಡಿಸಿದರು. ದಿನದ ಗಿರಾಕಿಗಳೂ ಇದ್ದರು. "ಆಕಿ ಕೈ ಯಾಕೋ ತಪ್ಪಾಕ ಹತ್ತೈತಿ. ಯಾರೂ ಬಾಯಿ ಬಿಡಬ್ಯಾಡ್ರಿ. ನಮ್ಮವ್ವ ಇದ್ದಂಗ ಆಕಿ. ಉಪ್ಪು ಹೆಚ್ಚಾದ್ರ ಮಜ್ಜಿಗಿ ಕುಡೀರಿ, ಕಮ್ಮಿ ಆದ್ರ ಸುಮ್ಮನ ಉಣ್ರಿ" ಎಂದರು. ಎಲ್ಲರೂ ತಲೆಯಾಡಿಸಿದರು.

ನಾನೊಬ್ಬಳೇ ಎದುರು ಮಾತಾಡಿದೆ. "ಅಣ್ಣಾರ, ನೀವ ಕುಂದ್ರಿಸಿ ಹೇಳಿಬಿಡ್ರಿ. ಆಕಿ ಸಣ್ಣ ಕೂಸಲ್ಲ. ಹೇಳಿದ್ರ ಏನಾರ ದಾರಿ ಹುಡುಕೂಣು."

"ಮನಸು ಮುರೀತೈತವ್ವ ಆಕಿದು."

"ಮುಚ್ಚಿಟ್ರ ಮುರಿಯಂಗಿಲ್ಲೇನ್ರಿ?"

ಯಾರೂ ನನ್ನ ಮಾತು ಕೇಳಲಿಲ್ಲ. ನನ್ನ ಬಾಯಿ ಯಾವಾಗಲೂ ಹಾಗೆಯೇ ಎಂದು ತಮ್ಮ ತಮ್ಮ ಕೆಲಸಕ್ಕೆ ಎದ್ದರು. ಹೀಗೆ ಅವಳ ಗುಟ್ಟೂ ನನ್ನ ಹೊಟ್ಟೆಯಲ್ಲಿ, ಇವರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ನಡುವೆ ರೊಟ್ಟಿ ಬಡಿಯುತ್ತ ಕೂತೆ. ಆ ದಿನಗಳಲ್ಲಿ ನಾನು ಬಡಿದ ಸಪ್ಪಳಕ್ಕೆ ರೊಟ್ಟಿಯ ಹಲಗೆ ಸೀಳದೆ ಉಳಿದದ್ದೇ ದೊಡ್ಡದು.

ಕಟ್ಟಳೆಯೂ ಮೆಲ್ಲಗೆ ಕೆಟ್ಟಿತು. ಮೊದಲ ತಾಟಿಗೆ ಸಾಬರು ಕೂರತೊಡಗಿದರು. ಹಸಿದ ಪರದೇಶಿಗೆ ಸಲ್ಲಬೇಕಾದ ತಾಟು, ಆದರೆ ಅವರು ಜಟಕಾ ಬಿಟ್ಟು ಓಡಿ ಬಂದು "ಬೆಳಗಿಂದ ಚಾ ಸೈತ ಕುಡದಿಲ್ಲಮ್ಮಾ" ಎಂದು ಸುಳ್ಳು ಹೇಳಿ ಕೂತುಬಿಡುತ್ತಿದ್ದರು. ನಾಲ್ಕು ತುತ್ತು ಉಂಡು, ಉಪ್ಪು ಕಡಿಮೆ ಇದ್ದರೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಡುವರು. ಹೆಚ್ಚಿದ್ದರೆ ಗಡ್ಡ ನೀವುವರು. ಸರಿಯಿದ್ದರೆ ಸುಮ್ಮನೆ ಉಣ್ಣುವರು. ಟೊಪ್ಪಿಗೆ ತೊಡೆಗೆ ಬಂತೆಂದರೆ ಸಾಲಿನಲ್ಲಿದ್ದವರ ಕೈ ಜೇಬಿಗೆ ಹೋಗುತ್ತಿತ್ತು. ಹಮಾಲರು ಬೀಡಿಯ ಜೊತೆಗೆ ಕಾಗದದಲ್ಲಿ ಮಡಿಚಿದ ಉಪ್ಪು ಇಟ್ಟುಕೊಂಡು ಬರುತ್ತಿದ್ದರು. ಗಡ್ಡ ನೀವಿದರೆ ಎಲ್ಲರಿಗೂ ಏಕಾಏಕಿ ಮಜ್ಜಿಗೆಯ ಬಾಯಾರಿಕೆ. ಎದ್ದು ಹೋಗುವಾಗ ಒಬ್ಬೊಬ್ಬರೂ ಅಡುಗೆಮನೆಯ ಬಾಗಿಲಿಗೆ ತಲೆ ಹಾಕಿ "ಅಡಿಗಿ ಭಾಳ ಚಲೋ ಇತ್ತು ದೊಡ್ಡವ್ವ" ಎನ್ನುತ್ತಿದ್ದರು. ಮೊದಲೆಲ್ಲ ಯಾರು ಹಾಗೆ ಹೇಳುತ್ತಿದ್ದರು? ಉಂಡು, ತೇಗಿ, ಹೋಗುತ್ತಿದ್ದರು.

ದೊಡ್ಡವ್ವ ಆ ದಿನಗಳಲ್ಲಿ ಖುಷಿಯಾಗಿದ್ದಳು. "ನೋಡಿದೆಲ್ಲಬೇ, ನಾಲಿಗಿ ಹೋದ್ರೂ ಕೈ ಐತಿ. ಮೊದಲಿಗಿಂತ ಮಂದಿ ಹೊಗಳ್ತಾರ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ನಡುಗುವ ಕೈಯಲ್ಲೇ ಹೊಸ ಹೊಸ ಅಡುಗೆ ಹಿಡಿದಳು. ಸಿರುಗುಪ್ಪದ ಅಕ್ಕಿ ತರಿಸಿ ಚಿತ್ರಾನ್ನ ಮಾಡಿದಳು. ಅದರಲ್ಲಿ ಉಪ್ಪೇ ಇರಲಿಲ್ಲ. ಎರಡನೇ ಸಲ ಬಡಿಸಿ ಬಡಿಸಿ ಪಾತ್ರೆ ಖಾಲಿ ಮಾಡಿಸಿದಳು.

ಹೀಗೆ ಒಂದು ವರ್ಷದ ಮೇಲಾಯಿತೇನೋ. ಒಂದು ಮಧ್ಯಾಹ್ನ ಸಾಬರ ಕುದುರೆಗೆ ಲಾಳ ಕಟ್ಟಿಸಬೇಕಿತ್ತು, ಅವರು ತಡ ಮಾಡಿದರು. ಅವತ್ತೇ ದವಾಖಾನೆಯ ಕಡೆಯಿಂದ ಒಬ್ಬ ಹಣ್ಣುಹಣ್ಣು ಮುದುಕ ಬಂದ. ಹಳ್ಳಿಯವನು, ಮಗಳನ್ನು ಹೆರಿಗೆಗೆ ಸೇರಿಸಿದ್ದನಂತೆ. ಹಸಿದು ಕಣ್ಣು ಒಳಗೆ ಹೋಗಿದ್ದವು. ದೊಡ್ಡವ್ವನಿಗೆ ಇಂಥವನೇ ಬೇಕು. ತಾನೇ ತಾಟು ಹಿಡಿದು ಹೋಗಿ ಅವನ ಮುಂದಿಟ್ಟು, ಅಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಳು. ನಾನು ಒಲೆಯ ಮುಂದಿನಿಂದ ನೋಡುತ್ತಿದ್ದೆ. ಮುದುಕ ಎರಡು ತುತ್ತು ಉಂಡು, ತಲೆಯೆತ್ತಿ, ಏನೂ ಅರಿಯದೆ ಕೇಳಿದ:

"ಯವ್ವಾ, ಒಂದು ಹಳ್ಳು ಉಪ್ಪು ಕೊಡ್ತೀರೇನ್ರಿ?"

ದೊಡ್ಡವ್ವ ಏನಾದರೂ ಹೇಳುವುದರೊಳಗೆ ಪಕ್ಕದಲ್ಲಿದ್ದ ಹಮಾಲ, ಆನೆಯಂಥ ಆಳು, ರೂಢಿಯಂತೆ ಜೇಬಿನಿಂದ ಕಾಗದದ ಮಡಿಕೆ ತೆಗೆದು ಮುದುಕನ ತಾಟಿನ ಅಂಚಿಗೆ ಸರಿಸಿಯೇಬಿಟ್ಟಿದ್ದ. ಸರಿಸಿದ ಮೇಲೆ ಅವನಿಗೆ ಎಚ್ಚರವಾಯಿತು.

"ಏನಲೇ ಅದು?"

"ಸುಣ್ಣ ದೊಡ್ಡವ್ವ. ತಂಬಾಕಿಗೆ."

ಅವಳು ಬಗ್ಗಿ ಮಡಿಕೆ ಎತ್ತಿಕೊಂಡು ಬಿಚ್ಚಿದಳು. ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ಬೆರಳಿಗೆ ಗೊತ್ತಾಯಿತು. ಆದರೂ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನಿಂತಳು, ಏನಾದರೂ ಬಂದೀತೇನೋ ಎಂಬ ಹಾಗೆ. ಆಮೇಲೆ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಎಲ್ಲರೂ ತಲೆ ಬಗ್ಗಿಸಿದ್ದರು. ಒಬ್ಬ ಎಡಗೈಯಿಂದ ಜೇಬು ಮುಚ್ಚಿಕೊಂಡಿದ್ದ. ಆಗಷ್ಟೇ ಒಳಗೆ ಬಂದ ಸಾಬರು ಬಾಗಿಲಲ್ಲೇ ನಿಂತು, ಏನು ಮಾಡಬೇಕೋ ತಿಳಿಯದೆ ಟೊಪ್ಪಿಗೆ ಕೈಗೆ ತೆಗೆದುಕೊಂಡರು. ಆ ಟೊಪ್ಪಿಗೆಯನ್ನೂ ದೊಡ್ಡವ್ವ ನೋಡಿದಳು. ಅವಳಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು ಎಂದು ನನಗನಿಸಿತು.

ಕೂಗಾಡಲಿಲ್ಲ. ಒಳಗೆ ಬಂದು ಬಟ್ಟಲಿನಲ್ಲಿ ಉಪ್ಪು ತುಂಬಿಕೊಂಡು ಹೋಗಿ, ಮುದುಕನಿಗೆ ಮೊದಲು ಬಡಿಸಿ, ಆಮೇಲೆ ಸಾಲಿನ ತುದಿಯವರೆಗೂ ಒಬ್ಬೊಬ್ಬರ ತಾಟಿಗೂ ಬಡಿಸಿದಳು. ಯಾರೂ ಬೇಡ ಎನ್ನಲಿಲ್ಲ. ಆನೆಯಂಥ ಹಮಾಲ ಅಳುತ್ತ ಉಂಡ.

ಅವತ್ತು ಅವಳು ನಮ್ಮ ಜೊತೆ ಉಣ್ಣಲು ಕೂರಲಿಲ್ಲ. ಮಾಲಕರು ಬಂದು ಅವಳ ಮುಂದೆ ನೆಲದ ಮೇಲೆ ಕೂತರು. "ತಪ್ಪಾತು ದೊಡ್ಡವ್ವ. ನಿನಗ ನೋವಾಗಬಾರ್ದಂತ ಮಾಡಿದ್ವಿ. ನೀ ಇಲ್ಲೇ ಇರು, ಏನೂ ಮಾಡಬ್ಯಾಡ. ನಾವು ಅದೀವಲ್ಲ" ಎಂದರು.

"ಅಣ್ಣಾ, ನಾ ನಿಮಗ ಉಣಿಸಾಕ ಹತ್ತೀನಂತ ತಿಳಕೊಂಡಿದ್ದೆ. ವರ್ಷಗಟ್ಲೆ ನೀವ ನನಗ ಉಣಿಸೀರಿ. ಅಣ್ಣಗಳ ಮನ್ಯಾಗ ಉಂಡಾಗ ಮಂದಿ ಕೂಳು ಉಣ್ಣಾಕ ಹತ್ತೀನಿ ಅನ್ನೂದರ ಗೊತ್ತಿತ್ತು" ಎಂದಳು. ನನಗೆ ತಡೆಯಲಾಗಲಿಲ್ಲ. "ಹೇಳ್ರಿ ಅಂದಿದ್ದೆ, ಹೇಳ್ರಿ ಅಂತ ಬಡಕೊಂಡಿದ್ದೆ" ಎಂದು ಎಲ್ಲರ ಮೇಲೂ ಹರಿಹಾಯ್ದೆ. ದೊಡ್ಡವ್ವ ನನ್ನ ಕಡೆ ತಿರುಗಿ "ನಿನಗೂ ಗೊತ್ತಿತ್ತಲ್ಲಬೇ" ಎಂದಳು, ಅಷ್ಟೇ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಮರುದಿನ ಒಂದು ಗಂಟು ಕಟ್ಟಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಅಲ್ಲಿ ತಂಗಿಯ ಮಗಳ ಮನೆಯಿತ್ತು. ಮಾಲಕರು ಎರಡು ಸಲ ಕರೆಯಲು ಹೋಗಿ ಬಂದರು, ಬರಲಿಲ್ಲ. ಸಾಬರು ಜಟಕಾ ಹೂಡಿಕೊಂಡೇ ಹೋಗುತ್ತೇನೆಂದು ಹೊರಟಿದ್ದರು, ಕುದುರೆಗೆ ಅಷ್ಟು ದೂರ ಆಗದು ಎಂದು ನಾವೇ ನಿಲ್ಲಿಸಿದೆವು. ಅಡುಗೆ ನನ್ನ ಪಾಲಿಗೆ ಬಂತು. ಮಾಲಕರು ಸಾಲಿನಲ್ಲಿ ಉಪ್ಪಿನ ಬಟ್ಟಲು ಇಡಿಸಿದರು. ಮಂದಿ ಉಂಡು, ತೇಗಿ, ಏನೂ ಹೇಳದೆ ಹೋಗುತ್ತಿದ್ದರು. ನನಗೆ ಅದೇ ಸಮಾಧಾನ.

ಅವಳು ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿ ಬಂದಾಗ ಭತ್ತದ ನಾಟಿ ನಡೆದಿತ್ತು. ಬಸ್ಸಿಳಿದು ನೀರು ನಿಂತ ಗದ್ದೆಗಳ ಬದಿಯಲ್ಲಿ ನಡೆದು ಹೋದೆ. ಬಳ್ಳಾರಿಯ ಬಿಸಿಲಿನಿಂದ ಬಂದವಳಿಗೆ ಆ ಹಸಿರು ಕಣ್ಣಿಗೆ ಹಿತವಾಗಬೇಕಿತ್ತು, ಆಗಲಿಲ್ಲ. ದೊಡ್ಡವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಒಂದು ಹಿಡಿಯಷ್ಟಾಗಿದ್ದಳು. ತಂಗಿಯ ಮಗಳು ಒಳ್ಳೆಯವಳು, ಗಂಜಿ ಕುಡಿಸುತ್ತಿದ್ದಳು. ಕುಡಿಸುವಾಗ ದೊಡ್ಡವ್ವ ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು.

ನನ್ನನ್ನು ಕಂಡು ನಕ್ಕಳು. ನನ್ನ ಗಂಡನ ಎದೆ, ಮಾಲಕರ ಮಂಡಿನೋವು, ಸಾಬರ ಕುದುರೆ, ಎಲ್ಲ ಕೇಳಿದಳು. ಆ ಹುಡುಗಿ ನೀರಿಗೆ ಹೋದ ಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಒಂದು ಮಾತು ಖರೆ ಹೇಳತಿ?"

"ಕೇಳು ದೊಡ್ಡವ್ವ."

"ಜ್ವರಕ್ಕಿಂತ ಮೊದಲ... ಅವಾಗರ ನನ್ನ ಅಡಿಗಿ ಚಲೋ ಇತ್ತೇನು?"

"ಚಲೋ ಇತ್ತು. ಅಂಥಾ ಅಡಿಗಿ ನಾ ಎಲ್ಲೂ ಉಂಡಿಲ್ಲ ದೊಡ್ಡವ್ವ" ಎಂದೆ. ಅದು ನೂರಕ್ಕೆ ನೂರು ನಿಜ. ನನ್ನ ಜನ್ಮದಲ್ಲಿ ಅಷ್ಟು ನಿಜವಾದ ಮಾತು ಇನ್ನೊಂದು ಆಡಿದ್ದೇನೆಯೋ ಇಲ್ಲವೋ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಬಾಗಿಲಿಗೆ ತಲೆ ಹಾಕಿ "ಭಾಳ ಚಲೋ ಇತ್ತು" ಎನ್ನುತ್ತಿದ್ದವರ ಮುಖಗಳನ್ನೆಲ್ಲ ನೋಡಿದವಳು ಅವಳು. ಅವರ ಮುಖದಲ್ಲಿದ್ದ ಪ್ರೀತಿಯೇ ನನ್ನ ಮುಖದಲ್ಲೂ ಇದ್ದಿರಬೇಕು, ಬೇರೆ ಮುಖ ಎಲ್ಲಿಂದ ತರಲಿ? ಗಂಡನ ಮೇಲೆ ಆಣೆ ಇಟ್ಟೆ, ಮಕ್ಕಳ ಮೇಲೆ ಇಟ್ಟೆ. ಎಣ್ಣೆಗಾಯಿಯ ಹೆಸರು ಹೇಳಿದೆ, ಗುರೆಳ್ಳು ಚಟ್ನಿಯ ಹೆಸರು ಹೇಳಿದೆ, ಒಗ್ಗರಣೆ ಮುಂದೆ ಅತ್ತವರನ್ನು ನೆನಪಿಸಿದೆ. ಹೇಳಿದಷ್ಟೂ ನನ್ನ ಧ್ವನಿ ಸುಳ್ಳು ಹೇಳುವವಳ ಧ್ವನಿಯಂತೆ ಏರುತ್ತ ಹೋಯಿತು.

ಅವಳು ನನ್ನ ಕೈಯನ್ನು ಮೆಲ್ಲಗೆ ತಟ್ಟಿದಳು. "ಆತು ಬಿಡವ್ವ, ಅಳಬ್ಯಾಡ. ನೀ ಭಾಳ ಚಲೋದಾಕಿ ಅದಿ" ಎಂದಳು.